ಮನೆಯ ಲ್ಯಾಬ್ರಡಾರ್ ಜೊತೆ ಮೊದಲ ಹಂಟ್ ಟೆಸ್ಟ್: ಅಮೆರಿಕದಲ್ಲಿರುವ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಇರುವ ಮನೆಯಲ್ಲಿ ಚೆಂಡು ಎಸೆದೂ ಎಸೆದೂ ಕೈ ಸೋತವರು ಒಬ್ಬರಾದರೂ ಇರುತ್ತಾರೆ. ನಾಯಿಗೆ ಮಾತ್ರ ಸಾಕಾಗುವುದಿಲ್ಲ. ಆ ಜಾತಿಯನ್ನು ಬೆಳೆಸಿದ್ದೇ ಬೇಟೆಗಾರ ಹೊಡೆದ ಬಾತುಕೋಳಿಯನ್ನು ಹುಡುಕಿ, ಹಾಳು ಮಾಡದೆ ತಂದು ಕೈಗೆ ಕೊಡುವುದಕ್ಕೆ. ಆ ಗುಣ ನಿಮ್ಮ ಸೋಫಾ ಮೇಲೆ ಮಲಗಿರುವ ನಾಯಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆಯೇ ರಿಟ್ರೀವರ್ ಹಂಟ್ ಟೆಸ್ಟ್. ಅಮೆರಿಕನ್ ಕೆನಲ್ ಕ್ಲಬ್, ಅಂದರೆ ಎಕೆಸಿ, ಇದನ್ನು 1985ರಲ್ಲಿ ಶುರು ಮಾಡಿತು. ಈಗ ದೇಶದ ಉದ್ದಗಲಕ್ಕೂ ಸ್ಥಳೀಯ ಕ್ಲಬ್‌ಗಳು ವಾರಾಂತ್ಯಗಳಲ್ಲಿ ಇದನ್ನು ನಡೆಸುತ್ತವೆ. ಮಿನೆಸೋಟಾದಂಥ ಚಳಿ ರಾಜ್ಯಗಳಲ್ಲಿ ಬೇಸಿಗೆಯಲ್ಲಿ, ಟೆಕ್ಸಾಸ್, ಫ್ಲಾರಿಡಾ ಕಡೆ ತಂಪು ತಿಂಗಳುಗಳಲ್ಲಿ ಜಾಸ್ತಿ.

ಇದು ಸ್ಪರ್ಧೆಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗುವುದಕ್ಕೂ ರ‍್ಯಾಂಕ್ ಬರುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ? ಇಲ್ಲಿ ರ‍್ಯಾಂಕೇ ಇಲ್ಲ. ಬಂದ ನಾಯಿಗಳೆಲ್ಲ ಚೆನ್ನಾಗಿ ಮಾಡಿದರೆ ಎಲ್ಲವೂ ಪಾಸ್. ಹಾಗಾಗಿ ಅನುಭವಸ್ಥರು ಹೊಸಬರಿಗೆ ಧಾರಾಳವಾಗಿ ಹೇಳಿಕೊಡುತ್ತಾರೆ. ನೀವು ಗೆದ್ದರೆ ಅವರು ಕಳೆದುಕೊಳ್ಳುವುದು ಏನೂ ಇಲ್ಲ.

ಕುಟುಂಬ ಇದ್ದರೆ ಇಂಥದ್ದಕ್ಕೆಲ್ಲ ಪುರುಸೊತ್ತು ಎಲ್ಲಿ ಅಂತ ಅನೇಕರು ಕೇಳುತ್ತಾರೆ. ನನ್ನ ಅಭಿಪ್ರಾಯ ಉಲ್ಟಾ. ಈ ಆಟದ ತರಬೇತಿಗೆ ಕನಿಷ್ಠ ಇಬ್ಬರು ಬೇಕು, ಮೂವರಿದ್ದರೆ ಇನ್ನೂ ಒಳ್ಳೆಯದು. ದೂರದಲ್ಲಿ ನಿಂತು ಎಸೆಯಲು ಒಬ್ಬರು, ನಾಯಿ ಪಕ್ಕದಲ್ಲಿ ಒಬ್ಬರು, ಸದ್ದು ಮಾಡಲು ಇನ್ನೊಬ್ಬರು. ಒಂಟಿಯಾಗಿರುವವರು ಎಸೆಯುವವರನ್ನು ಹುಡುಕಿ ಪರದಾಡುತ್ತಾರೆ. ನಿಮ್ಮ ಮನೆಯಲ್ಲಿ ಅವರು ಊಟದ ಮೇಜಿನ ಸುತ್ತ ಕೂತಿದ್ದಾರೆ.

ಮೊದಲು ಹಕ್ಕಿಯ ವಿಷಯ ಮಾತಾಡಿಕೊಳ್ಳಿ

ಶುಲ್ಕ ಕಟ್ಟುವ ಮೊದಲು, ನಾಯಿಗೆ ಏನೂ ಕಲಿಸುವ ಮೊದಲು, ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನ ಮಾಡಿಕೊಳ್ಳಬೇಕು. ಈ ಪರೀಕ್ಷೆಯಲ್ಲಿ ನಾಯಿ ತರುವುದು ಚೆಂಡಲ್ಲ, ನಿಜವಾದ ಹಕ್ಕಿ. ಸಾಮಾನ್ಯವಾಗಿ ಬಾತುಕೋಳಿ, ಕೆಲವೊಮ್ಮೆ ಫೆಸೆಂಟ್ ಅನ್ನುವ ಕೋಳಿ ಜಾತಿಯ ಹಕ್ಕಿ. ಆಗಷ್ಟೇ ಸತ್ತ ಹಕ್ಕಿಯನ್ನು ಎಸೆಯುತ್ತಾರೆ. ಕೆಲವು ಕಡೆ ಹಾರಿಸಿದ ಹಕ್ಕಿಯನ್ನು ಅಲ್ಲೇ ಹೊಡೆಯುವುದೂ ಉಂಟು. ಅದನ್ನು ನಾಯಿಯ ಬಾಯಿಂದ ನೀವು ನಿಮ್ಮ ಕೈಯಲ್ಲಿ ತೆಗೆದುಕೊಳ್ಳಬೇಕು.

ಸಸ್ಯಾಹಾರಿ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಡುಗೆಮನೆಯ ಫ್ರೀಜರ್‌ನಲ್ಲಿ ಬಾತುಕೋಳಿ ಇಡಲು ಅಮ್ಮ ಒಪ್ಪುವುದಿಲ್ಲ, ಒಪ್ಪಬೇಕು ಅಂತಲೂ ಇಲ್ಲ. ಗ್ಯಾರೇಜಿನಲ್ಲಿ ಬೇರೆ ಸಣ್ಣ ಫ್ರೀಜರ್ ಇಡಬಹುದು. ಅದೂ ಬೇಡ ಅಂದರೆ ಹಕ್ಕಿಯ ಅಭ್ಯಾಸವನ್ನು ಕ್ಲಬ್ಬಿನ ತರಬೇತಿ ದಿನಗಳಿಗೆ ಮಾತ್ರ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಬಂಪರ್‌ನಲ್ಲಿ, ಅಂದರೆ ಎಸೆದು ತರಿಸಲೆಂದೇ ಮಾಡಿದ ಉದ್ದನೆಯ ಆಟಿಕೆಯಲ್ಲಿ, ನಡೆಯಲಿ. ಮಕ್ಕಳಿಗೂ ಮುಂಚೆಯೇ ಹೇಳಿ. ಮೈದಾನದಲ್ಲಿ ಮೊದಲ ಸಲ ನೋಡಿ ಅಳುವಂತಾಗಬಾರದು. ಯಾರಿಗಾದರೂ ಇದು ಸರಿ ಕಾಣದಿದ್ದರೆ ಅದನ್ನು ಗೌರವಿಸಿ, ಬೇರೆ ದಾರಿ ನೋಡಿ. ಎಕೆಸಿಯಲ್ಲೇ ‘ಫೆಚ್’ ಅನ್ನುವ ಬೇರೆ ಪರೀಕ್ಷೆ ಇದೆ. ಅದರಲ್ಲಿ ಚೆಂಡು, ಆಟಿಕೆಗಳನ್ನು ತಂದುಕೊಟ್ಟರೆ ಸಾಕು. ನೀರು ಇಷ್ಟಪಡುವ ನಾಯಿಗೆ ಡಾಕ್ ಡೈವಿಂಗ್, ಅಂದರೆ ಕಟ್ಟೆಯಿಂದ ನೀರಿಗೆ ಹಾರುವ ಆಟ ಇದೆ. ನಾಯಿಗೆ ಯಾವುದಾದರೂ ಖುಷಿಯೇ.

ಒಪ್ಪಿಗೆ ಇದ್ದರೆ ಮುಂದಕ್ಕೆ ಓದಿ.

ಯಾವ ಪರೀಕ್ಷೆ, ಯಾವ ಹಂತ

ಅಮೆರಿಕದಲ್ಲಿ ಇಂಥ ಪರೀಕ್ಷೆ ನಡೆಸುವ ಸಂಸ್ಥೆಗಳು ಮುಖ್ಯವಾಗಿ ಮೂರು: ಎಕೆಸಿ, ಯುಕೆಸಿಗೆ (ಯುನೈಟೆಡ್ ಕೆನಲ್ ಕ್ಲಬ್) ಸೇರಿದ ಎಚ್‌ಆರ್‌ಸಿ (ಹಂಟಿಂಗ್ ರಿಟ್ರೀವರ್ ಕ್ಲಬ್), ಮತ್ತೆ ನಾಹ್ರಾ (ನಾರ್ತ್ ಅಮೆರಿಕನ್ ಹಂಟಿಂಗ್ ರಿಟ್ರೀವರ್ ಅಸೋಸಿಯೇಷನ್). ಎಕೆಸಿಯಲ್ಲಿ ಜೂನಿಯರ್, ಸೀನಿಯರ್, ಮಾಸ್ಟರ್ ಅಂತ ಮೂರು ಹಂತ. ಎಚ್‌ಆರ್‌ಸಿಯಲ್ಲಿ ಮೊದಲ ಹಂತಕ್ಕೆ ಸ್ಟಾರ್ಟೆಡ್ ಅನ್ನುತ್ತಾರೆ. ಅಲ್ಲಿ ಹಕ್ಕಿಯನ್ನು ನಿಮ್ಮ ಹತ್ತಿರದವರೆಗೆ ತಂದರೂ ನಡೆಯುತ್ತದೆ. ಎಕೆಸಿಯಲ್ಲಿ ಮೊದಲ ಹಂತದಿಂದಲೇ ಕೈಗೇ ಕೊಡಬೇಕು. ಮನೆ ಹತ್ತಿರ ಯಾವ ಕ್ಲಬ್ ಇದೆಯೋ ಅದನ್ನೇ ಆರಿಸಿಕೊಳ್ಳಿ. ನಿಯಮಕ್ಕಿಂತ ಪ್ರಯಾಣದ ದೂರವೇ ಮುಖ್ಯ. ಗೋಲ್ಡನ್ ಇರುವವರಿಗೆ ಇನ್ನೊಂದು ಮೆಟ್ಟಿಲಿದೆ. ಗೋಲ್ಡನ್ ರಿಟ್ರೀವರ್ ಕ್ಲಬ್ ಆಫ್ ಅಮೆರಿಕ ಕೊಡುವ ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆಯಿಂದ ಶುರು ಮಾಡಬಹುದು.

ನಾನು ಇಲ್ಲಿ ಹೇಳುವುದು ಎಕೆಸಿ ಜೂನಿಯರ್ ಬಗ್ಗೆ. ಅದರಲ್ಲಿ ನೆಲದ ಮೇಲೆ ಎರಡು, ನೀರಿನಲ್ಲಿ ಎರಡು, ಒಟ್ಟು ನಾಲ್ಕು ಹಕ್ಕಿ. ಒಂದು ಸಲಕ್ಕೆ ಒಂದೇ. ದೂರದಲ್ಲಿ ಒಬ್ಬರು ಬಾತುಕೋಳಿ ಕೂಗು ಹಾಕುತ್ತಾರೆ, ಗುಂಡಿನ ಸದ್ದು ಕೇಳುತ್ತದೆ, ಹಕ್ಕಿ ಆಕಾಶಕ್ಕೆ ಎದ್ದು ಹುಲ್ಲಿಗೋ ನೀರಿಗೋ ಬೀಳುತ್ತದೆ. ನಾಯಿ ಅದನ್ನು ನೋಡಬೇಕು, ಬಿದ್ದ ಜಾಗ ನೆನಪಿಟ್ಟುಕೊಳ್ಳಬೇಕು, ಹೋಗಿ ತರಬೇಕು. ಹೀಗೆ ಕಣ್ಣಾರೆ ಕಂಡು ತರುವುದಕ್ಕೆ ‘ಮಾರ್ಕ್’ ಅನ್ನುತ್ತಾರೆ. ದೂರ ಸಾಮಾನ್ಯವಾಗಿ 100 ಯಾರ್ಡ್ ಒಳಗೆ, ಅಂದರೆ ಸುಮಾರು 90 ಮೀಟರ್. ಕಳಿಸುವವರೆಗೆ ನಾಯಿಯನ್ನು ಕಾಲರ್ ಹಿಡಿದು ತಡೆದುಕೊಂಡಿರಲು ಜೂನಿಯರ್‌ನಲ್ಲಿ ಅವಕಾಶ ಇದೆ. ಮನೆನಾಯಿಗಳಿಗೆ ಇದು ದೊಡ್ಡ ರಿಯಾಯಿತಿ.

ಕಾಗದಪತ್ರ, ಡಾಕ್ಟರು

ನಾಯಿಗೆ 6 ತಿಂಗಳು ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಎಕೆಸಿ ನೋಂದಣಿ ಸಂಖ್ಯೆ ಬೇಕು. ಬ್ರೀಡರ್ ‘ಲಿಮಿಟೆಡ್’ ನೋಂದಣಿ (ಆ ನಾಯಿಯ ಮರಿಗಳನ್ನು ನೋಂದಾಯಿಸಲಾಗದ ನೋಂದಣಿ) ಕೊಟ್ಟಿದ್ದರೂ ತೊಂದರೆ ಇಲ್ಲ. ರೆಸ್ಕ್ಯೂನಿಂದ ತಂದ, ಕಾಗದವೇ ಇಲ್ಲದ ಲ್ಯಾಬ್ ನಿಮ್ಮದಾದರೆ ಬೇಜಾರಾಗಬೇಡಿ. ಸಂತಾನಹರಣ ಚಿಕಿತ್ಸೆ ಆಗಿದ್ದರೆ ಫೋಟೊ ಕಳಿಸಿ, ಕಾಗದ ಇಲ್ಲದ ನಾಯಿಗಳಿಗೆ ಎಕೆಸಿ ಕೊಡುವ ‘ಪಾಲ್’ ಸಂಖ್ಯೆಗೆ ಅರ್ಜಿ ಹಾಕಬಹುದು, ಅದರ ಮೇಲೆ ಹಂಟ್ ಟೆಸ್ಟ್‌ಗೆ ಹೋಗಬಹುದು. ಹೆಣ್ಣು ನಾಯಿ ಬೆದೆಗೆ ಬಂದಿದ್ದರೆ ಅದು ಮುಗಿಯುವವರೆಗೆ ಮನೆಯಲ್ಲೇ ಇರಲಿ. ಪರೀಕ್ಷೆಗೆ ಬಿಡುವುದಿಲ್ಲ.

ಡಾಕ್ಟರ ಹತ್ತಿರ ಹೋದಾಗ ಮೂರು ವಿಷಯ ಕೇಳಿ. ಒಂದು, ಲೆಪ್ಟೋಸ್ಪೈರೋಸಿಸ್ (ಇಲಿಜ್ವರ) ಲಸಿಕೆ. ಕೆರೆ, ಕೊಚ್ಚೆ ನೀರಿನಲ್ಲಿ ಇಳಿಯುವ ನಾಯಿಗೆ ಇದು ಬೇಕು. ಎರಡು, ರಕ್ತ ಹೀರುವ ಉಣ್ಣಿಗೆ ಔಷಧಿ. ಮೂರು, ಲ್ಯಾಬ್ ಆದರೆ ಇಐಸಿ ಅನ್ನುವ ಆನುವಂಶಿಕ ತೊಂದರೆಯ ಡಿಎನ್‌ಎ ಪರೀಕ್ಷೆ. ಈ ದೋಷ ಇರುವ ನಾಯಿ ಮನೆಯಲ್ಲಿ ಆರಾಮಾಗಿರುತ್ತದೆ. ಜೋರಾಗಿ ಓಡಿ, ಉದ್ವೇಗ ಏರಿದಾಗ ಹಿಂಗಾಲು ಸೋತು ಕುಸಿಯುತ್ತದೆ. ನೀರಿನ ಮಧ್ಯೆ ಹಾಗಾದರೆ ಗತಿಯೇನು? ಕೆನ್ನೆಯ ಒಳಗಿನಿಂದ ಉಜ್ಜಿ ತೆಗೆದ ಮಾದರಿಯಲ್ಲೇ ಪರೀಕ್ಷೆ ಮಾಡಿಬಿಡುತ್ತಾರೆ.

ನಾಯಿ ಇಲ್ಲದೆ ಒಂದು ಸಲ ಹೋಗಿ ಬನ್ನಿ

ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಹತ್ತಿರದ ಕ್ಲಬ್ಬಿನ ಹಂಟ್ ಟೆಸ್ಟ್ ಯಾವಾಗ ಅಂತ ನೋಡಿ, ಕಾರ್ಯದರ್ಶಿಗೆ ಮೇಲ್ ಹಾಕಿ: ‘ನಾವು ಹೊಸಬರು, ಹಕ್ಕಿ ಎಸೆಯಲು ಬರಬಹುದಾ?’ ಬೇಡ ಅನ್ನುವವರು ಸಿಗುವುದು ಅಪರೂಪ. ಈ ಪರೀಕ್ಷೆಗಳೆಲ್ಲ ನಡೆಯುವುದು ಸ್ವಯಂಸೇವಕರಿಂದ, ಮತ್ತು ಕೆಲಸಕ್ಕೆ ಜನ ಯಾವಾಗಲೂ ಕಡಿಮೆ.

ಒಂದು ಬೆಳಿಗ್ಗೆ ಎಸೆಯುವವರ ಜಾಗದಲ್ಲಿ ಕೂತರೆ ಸಾಲುಸಾಲಾಗಿ ನಾಯಿಗಳು ನಿಮ್ಮ ಕಡೆಗೇ ಓಡಿ ಬರುವುದನ್ನು ನೋಡುತ್ತೀರಿ. ಯಾವ ನಾಯಿ ಹಕ್ಕಿ ಬಿಟ್ಟು ಎಸೆಯುವವರನ್ನು ಮೂಸಲು ಬರುತ್ತದೆ, ಯಾವುದು ಗಾಳಿಯ ದಿಕ್ಕು ಹಿಡಿದು ನೇರ ಹೋಗುತ್ತದೆ, ಯಾವುದು ಅರ್ಧ ದಾರಿಯಲ್ಲಿ ಮರೆತು ನಿಲ್ಲುತ್ತದೆ, ಎಲ್ಲ ಕಾಣುತ್ತದೆ. ಪುಸ್ತಕದಲ್ಲಿ ಇಷ್ಟು ಸಿಗುವುದಿಲ್ಲ. ಮಧ್ಯಾಹ್ನದ ಊಟವನ್ನು ಸಾಮಾನ್ಯವಾಗಿ ಕ್ಲಬ್ಬಿನವರೇ ಕೊಡುತ್ತಾರೆ. ಸ್ಯಾಂಡ್‌ವಿಚ್‌ನಲ್ಲಿ ಮಾಂಸ ಇರುತ್ತದೆ, ಸಸ್ಯಾಹಾರಿಗಳು ಡಬ್ಬಿ ಕಟ್ಟಿಕೊಂಡು ಹೋಗಿ. ಅವತ್ತೇ ಯಾರಾದರೂ ‘ಬುಧವಾರ ಸಂಜೆ ನಾವು ತರಬೇತಿ ಮಾಡ್ತೀವಿ, ಬನ್ನಿ’ ಅಂದರೆ ಅದೇ ನಿಮ್ಮ ದೊಡ್ಡ ಲಾಭ.

ಮನೆಯಲ್ಲಿ ತಯಾರಿ

ಮೊದಲು ಭಾಷೆ. ನಾಯಿಗೆ ಕನ್ನಡವಾದರೂ ಸರಿ, ಇಂಗ್ಲಿಷ್ ಆದರೂ ಸರಿ. ಮನೆಯವರೆಲ್ಲ ಒಂದೇ ಪದ ಬಳಸಬೇಕು, ಅಷ್ಟೇ. ಅಜ್ಜಿ ‘ಬಾರೋ’, ಅಪ್ಪ ‘ಕಮ್’, ಮಗಳು ‘ಹಿಯರ್’ ಅಂದರೆ ನಾಯಿ ತನಗೆ ಅನುಕೂಲವಾದದ್ದನ್ನು ಕೇಳುತ್ತದೆ. ಕೂತ್ಕೋ, ಬಾ, ಹಿಡ್ಕೋ, ಕೊಡು: ನಾಲ್ಕು ಪದ ಫ್ರಿಜ್ ಮೇಲೆ ಬರೆದು ಅಂಟಿಸಿ. ಮಾರ್ಕ್‌ಗೆ ಕಳಿಸುವಾಗ ಇಲ್ಲಿನವರು ನಾಯಿಯ ಹೆಸರನ್ನೇ ಕೂಗುತ್ತಾರೆ. ಹಾಗಾಗಿ ಹೊಲದಲ್ಲಿ ಅಭ್ಯಾಸ ಮಾಡುವಾಗ ಹೆಸರನ್ನು ಸುಮ್ನೆ ಸುಮ್ನೆ ಕರೆಯಬೇಡಿ. ಮಕ್ಕಳಿಗೆ ಇದನ್ನು ನೆನಪಿಸುತ್ತಲೇ ಇರಬೇಕಾಗುತ್ತದೆ.

ಆಮೇಲೆ ಎಸೆತ. ಮನೆಯಲ್ಲಿ ಎಸೆಯುವವರು ನೀವೇ, ನಾಯಿ ನಿಮ್ಮ ಕೈಯನ್ನೇ ನೋಡುತ್ತದೆ. ಪರೀಕ್ಷೆಯಲ್ಲಿ ಯಾರೋ ದೂರದಲ್ಲಿ, ಪೊದೆಯ ಹಿಂದಿನಿಂದ ಎಸೆಯುತ್ತಾರೆ. ಇದನ್ನು ಕಲಿಸದೆ ಹೋದರೆ ನಾಯಿ ನಿಮ್ಮ ಮುಖ ನೋಡುತ್ತಾ ಕೂತಿರುತ್ತದೆ, ಹಕ್ಕಿ ಹಿಂದೆ ಬಿದ್ದಿರುತ್ತದೆ. ಇಲ್ಲಿಯೇ ಮಕ್ಕಳು ಉಪಯೋಗಕ್ಕೆ ಬರುವುದು. ಮಗ ಬಿಳಿ ಬಂಪರ್ ಹಿಡಿದು ಇಪ್ಪತ್ತು ಹೆಜ್ಜೆ ದೂರ ನಿಲ್ಲಲಿ. ‘ಹೇ ಹೇ ಹೇ’ ಅಂತ ಕೂಗಿ, ನಾಯಿ ತಿರುಗಿ ನೋಡಿದ ಮೇಲೆ ಎತ್ತರಕ್ಕೆ, ತನ್ನಿಂದ ಪಕ್ಕಕ್ಕೆ ಎಸೆಯಲಿ. ನಾಯಿ ತಂದ ಮೇಲೆ ಇನ್ನಷ್ಟು ಹಿಂದೆ ಹೋಗಲಿ. ಬೋಳು ಹುಲ್ಲಿನಿಂದ ಶುರು ಮಾಡಿ, ಮೊಣಕಾಲೆತ್ತರದ ಹುಲ್ಲಿಗೆ ಹೋಗಿ. ಕಿತ್ತಳೆ ಬಣ್ಣದ ಬಂಪರ್ ನಮಗೆ ಎದ್ದು ಕಾಣುತ್ತದೆ, ನಾಯಿಯ ಕಣ್ಣಿಗೆ ಹುಲ್ಲಿನಲ್ಲಿ ಅದು ಮುಳುಗಿಹೋಗುತ್ತದೆ. ಅದಕ್ಕೇ ಮಾರ್ಕ್‌ಗೆ ಬಿಳಿಯದು ಬೇಕು ಅಂದದ್ದು. ನಾಯಿಗೆ ಸಿಗದೆ ಒದ್ದಾಡಿದರೆ ಎಸೆದವರು ಕೂಗಿ ಇನ್ನೊಂದು ಎಸೆದು ಸಹಾಯ ಮಾಡಲಿ. ಸೋತು ಖಾಲಿ ಬಾಯಲ್ಲಿ ವಾಪಸ್ ಬರುವುದು ಅಭ್ಯಾಸವಾಗಬಾರದು. ಮತ್ತೆ, ನಾಯಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿ. ಮಕ್ಕಳಿಗೂ ಅದೇ ನಿಯಮ ಒಳ್ಳೆಯದು.

ಕೈಗೆ ಕೊಡುವುದು ಬಹಳ ಮನೆನಾಯಿಗಳು ಎಡವುವ ಜಾಗ. ತಂದು ಕಾಲ ಹತ್ತಿರ ಬಿಸಾಕುವುದು, ಹಿಡಿಯಲು ಹೋದರೆ ಓಡುವುದು, ಇವೆಲ್ಲ ಹಿತ್ತಲಿನಲ್ಲಿ ಮಜಾ ಕೊಟ್ಟ ಆಟಗಳೇ. ಅದಕ್ಕೆ ಬಂಪರ್ ಹಿಡಿದು ಅಟ್ಟಾಡಿಸುವ ಆಟವನ್ನು ಇವತ್ತಿನಿಂದಲೇ ನಿಲ್ಲಿಸಿ. ನಾಯಿ ಬರುವಾಗ ನೀವು ಹಿಂದಕ್ಕೆ ಹೆಜ್ಜೆ ಹಾಕಿ. ಆಗ ಅದು ಬೇಗ ಬರುತ್ತದೆ. ಬಂದ ತಕ್ಷಣ ಕಸಿಯಬೇಡಿ. ಬಾಯಲ್ಲಿ ಇಟ್ಟುಕೊಂಡೇ ಒಂದು ಕ್ಷಣ ಸವರಿ, ಆಮೇಲೆ ‘ಕೊಡು’. ತಿಂಡಿ ತೋರಿಸಿ ಬಾಯಿಂದ ಬಿಡಿಸುವ ಅಭ್ಯಾಸ ಇದ್ದರೆ ಅದನ್ನು ನಿಧಾನವಾಗಿ ನಿಲ್ಲಿಸಿ. ತಿಂಡಿಯ ಆಸೆಗೆ ದೂರದಲ್ಲೇ ಬಾಯಿ ಬಿಡುವ ನಾಯಿಗಳಿವೆ. ನೀರಿನಿಂದ ಬಂದಾಗ ಇನ್ನೊಂದು ಕಷ್ಟ: ದಡಕ್ಕೆ ಹತ್ತಿದ ಕೂಡಲೇ ಮೈ ಕೊಡವಬೇಕು ಅನ್ನಿಸುತ್ತದೆ, ಕೊಡವಲು ಬಾಯಲ್ಲಿದ್ದದ್ದನ್ನು ಕೆಳಗಿಡುತ್ತದೆ. ಕೆಳಗಿಟ್ಟು ಮತ್ತೆ ಎತ್ತಿಕೊಂಡು ಬಂದರೆ ಬಚಾವ್. ಬಿಟ್ಟು ಬಂದರೆ ಕಥೆ ಮುಗಿಯಿತು. ಶುರುವಿನಲ್ಲಿ ನೀರಿನ ಅಂಚಿಗೇ ಹೋಗಿ ತೆಗೆದುಕೊಳ್ಳಿ, ದಿನ ಕಳೆದಂತೆ ಒಂದೊಂದೇ ಹೆಜ್ಜೆ ಹಿಂದೆ ನಿಲ್ಲಿ.

ಗುಂಡಿನ ಸದ್ದು

ಇದರಲ್ಲಿ ಅವಸರ ಮಾಡಲೇಬಾರದು. ಗುಂಡಿಗೆ ಹೆದರಿದ ನಾಯಿಯನ್ನು ಸರಿಮಾಡುವುದು ತುಂಬಾ ಕಷ್ಟ. ಹೆದರದ ಹಾಗೆ ನೋಡಿಕೊಳ್ಳುವುದು ಸುಲಭ. ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗಿ ‘ಅಭ್ಯಾಸ ಆಗಲಿ’ ಅನ್ನುವವರ ಮಾತು ಕೇಳಬೇಡಿ. ದೀಪಾವಳಿ ಪಟಾಕಿ, ಜುಲೈ 4ರ ಸಿಡಿಮದ್ದು, ಇವು ತರಬೇತಿಯಲ್ಲ. ಆ ರಾತ್ರಿಗಳಲ್ಲಿ ನಾಯಿಯನ್ನು ಒಳಗಿನ ಕೋಣೆಯಲ್ಲಿ ಜೊತೆಗೆ ಇಟ್ಟುಕೊಳ್ಳಿ.

ಸರಿಯಾದ ಕ್ರಮ ಹೀಗೆ. ನಾಯಿಗೆ ಬಂಪರ್ ಎಂದರೆ ಹುಚ್ಚು ಹಿಡಿಯುವಷ್ಟು ಇಷ್ಟ ಬಂದಿರಬೇಕು. ಆಮೇಲೆ ಎಸೆಯುವವರು ಬಹಳ ದೂರದಲ್ಲಿ ಕೈಚಪ್ಪಾಳೆಯೋ, ಎರಡು ಹಲಗೆ ಬಡಿದ ಸದ್ದೋ ಮಾಡಿ ಎಸೆಯಲಿ. ನಾಯಿ ಕಿವಿ ನಿಮಿರಿಸಿ ‘ಎಲ್ಲಿ, ಎಲ್ಲಿ’ ಅಂತ ಹುಡುಕಿದರೆ ಸರಿ. ಕಿವಿ ಹಿಂದಕ್ಕೆ ಹೋದರೆ, ನಿಮ್ಮ ಕಾಲಿಗೆ ಅಂಟಿಕೊಂಡರೆ, ಇನ್ನೂ ದೂರ ಹೋಗಿ. ಮುಂದಿನ ಹಂತದ, ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಪಿಸ್ತೂಲನ್ನು ಕ್ಲಬ್ಬಿನ ಅನುಭವಸ್ಥರ ಕೈಗೇ ಬಿಡಿ, ಕುಟುಂಬದ ಪ್ರಯೋಗಕ್ಕೆ ಅದು ಬೇಡ. ಮಕ್ಕಳ ಕಿವಿಗೆ ಇಯರ್ ಮಫ್ ಇರಲಿ. ಪರೀಕ್ಷೆಯಲ್ಲೂ ಗುಂಡು ಹೊಡೆಯುವುದು ಕ್ಲಬ್ ನೇಮಿಸಿದವರ ಕೆಲಸ, ನಿಮ್ಮದಲ್ಲ. ನಿಮ್ಮ ಹತ್ತಿರ ಬಂದೂಕು ಇರಬೇಕಿಲ್ಲ.

ಹಕ್ಕಿ, ನೀರು, ಡಿಕಾಯ್

ಎಷ್ಟೋ ನಾಯಿಗಳು ಬಂಪರ್ ತಂದಷ್ಟೇ ಸಲೀಸಾಗಿ ಹಕ್ಕಿ ತರುತ್ತವೆ. ಕೆಲವು ಮೂಸಿ ನೋಡಿ ‘ಇದೇನಿದು’ ಅಂತ ಹಿಂದೆ ಸರಿಯುತ್ತವೆ. ಬಂಪರ್‌ಗೆ ರೆಕ್ಕೆಯೊಂದನ್ನು ಕಟ್ಟಿ ಶುರು ಮಾಡಿ, ಆಮೇಲೆ ಪೂರ್ತಿ ಹಕ್ಕಿ. ಹಕ್ಕಿಯನ್ನು ಕ್ಲಬ್ ಮೂಲಕ, ಸಾಕಣೆ ಮಾಡುವವರಿಂದ ತರಿಸಿ. ಕಾಡು ಬಾತುಕೋಳಿಗಳಿಗೆ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಟ್ಟುನಿಟ್ಟಿನ ನಿಯಮಗಳಿವೆ. ದಾರಿಯಲ್ಲಿ ಸತ್ತು ಬಿದ್ದ ಹಕ್ಕಿಯನ್ನಂತೂ ಮುಟ್ಟಲೇಬೇಡಿ. 2022ರಿಂದ ಇಲ್ಲಿನ ಕಾಡುಹಕ್ಕಿಗಳಲ್ಲಿ ಹಕ್ಕಿಜ್ವರ ಹರಡಿದೆ. ತರಬೇತಿಯ ಹಕ್ಕಿಗೂ ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ.

ನೀರಿಗೆ ನಾಯಿಯನ್ನು ಎಂದೂ ತಳ್ಳಬೇಡಿ. ಬೆಚ್ಚಗಿನ ದಿನ, ಇಳಿಜಾರು ನಿಧಾನವಾಗಿರುವ ದಡ ನೋಡಿ, ನೀವೇ ಮೊದಲು ಇಳಿಯಿರಿ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಹತ್ತಿರವೂ ಹೋಗಬೇಡಿ. ಅಂಥ ನೀಲಿ-ಹಸಿರು ಪಾಚಿಯ ವಿಷ ಕೆಲವೇ ಗಂಟೆಯಲ್ಲಿ ನಾಯಿಯ ಜೀವ ತೆಗೆಯಬಲ್ಲದು. ದಕ್ಷಿಣದ ರಾಜ್ಯಗಳಲ್ಲಿ ಮೊಸಳೆ ಜಾತಿಯ ಅಲಿಗೇಟರ್ ಇರುತ್ತವೆ. ಸ್ಥಳೀಯರನ್ನು ಕೇಳದೆ ಯಾವ ಕೆರೆಗೂ ಇಳಿಸಬೇಡಿ.

ಪರೀಕ್ಷೆಯ ನೀರಿನಲ್ಲಿ ಪ್ಲಾಸ್ಟಿಕ್ ಬಾತುಕೋಳಿಗಳು, ಅಂದರೆ ಡಿಕಾಯ್‌ಗಳು, ತೇಲುತ್ತಿರುತ್ತವೆ. ಹಕ್ಕಿಯನ್ನು ಬಿಟ್ಟು ಒಂದು ಡಿಕಾಯ್ ಹಿಡಿದು ತರುವುದು ಹೊಸ ನಾಯಿಗಳ ಹಳೇ ಚಾಳಿ. ಮುಂಚೆ ಹಿತ್ತಲಿನ ಹುಲ್ಲಿನ ಮೇಲೆ ನಾಲ್ಕು ಡಿಕಾಯ್ ಚೆಲ್ಲಿ, ಅದರ ನಡುವೆ ನಾಯಿಯನ್ನು ನಡೆಸಿ, ಮೂಸಿದರೆ ‘ಬೇಡ’ ಅನ್ನಿ. ಎರಡು ದಿನಕ್ಕೆ ಆಸಕ್ತಿ ಹೋಗುತ್ತದೆ.

ಅರ್ಜಿ

ಎಂಟ್ರಿ ಎಕ್ಸ್‌ಪ್ರೆಸ್, ಹಂಟ್ ಸೆಕ್ರೆಟರಿ ಎಂಬ ಜಾಲತಾಣಗಳಲ್ಲಿ ಪರೀಕ್ಷೆಗಳ ಪಟ್ಟಿ, ಅರ್ಜಿ, ಶುಲ್ಕ ಎಲ್ಲ ನಡೆಯುತ್ತದೆ. ಪ್ರತಿ ಪರೀಕ್ಷೆಗೂ ‘ಪ್ರೀಮಿಯಂ’ ಅನ್ನುವ ಪ್ರಕಟಣೆ ಇರುತ್ತದೆ. ಅದನ್ನು ಪೂರ್ತಿ ಓದಿ. ಕೊನೆಯ ದಿನಾಂಕ, ಜಾಗ, ಶುರುವಾಗುವ ಹೊತ್ತು, ಬಳಸುವ ಹಕ್ಕಿ, ತುರ್ತು ಪಶುವೈದ್ಯರ ವಿಳಾಸ ಅದರಲ್ಲೇ ಇರುತ್ತದೆ. ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಅರ್ಜಿ ಮುಚ್ಚುತ್ತದೆ. ಶನಿವಾರ ಒಂದು, ಭಾನುವಾರ ಇನ್ನೊಂದು ಅಂತ ಎರಡು ಪರೀಕ್ಷೆ ಇದ್ದರೆ ಮೊದಲ ಸಲ ಒಂದಕ್ಕೇ ಹಾಕಿ. ಎರಡನೇ ದಿನ ನಾಯಿಗಿಂತ ಮೊದಲು ಮಕ್ಕಳು ಸುಸ್ತಾಗುತ್ತಾರೆ.

ನಾಯಿಯನ್ನು ಲೈನ್‌ಗೆ, ಅಂದರೆ ಹಕ್ಕಿಗೆ ಕಳಿಸುವ ಜಾಗಕ್ಕೆ, ಕರೆದೊಯ್ಯುವ ಹ್ಯಾಂಡ್ಲರ್ ಯಾರು ಅಂತ ಮನೆಯಲ್ಲಿ ಬೇಗ ನಿರ್ಧರಿಸಿ. ಅಪ್ಪನೇ ಆಗಬೇಕೆಂದಿಲ್ಲ. ನಾಯಿ ಯಾರ ಮಾತು ಕೇಳುತ್ತದೋ ಅವರು ಹೋಗಲಿ. ಎಷ್ಟೋ ಮನೆಗಳಲ್ಲಿ ಅದು ಹೈಸ್ಕೂಲ್ ಮಗಳು.

ಪರೀಕ್ಷೆಯ ದಿನ

ಬೆಳಿಗ್ಗೆ ಬೇಗ ಹೊರಡಿ. ಜಾಗ ಊರಾಚೆ, ಹೊಲ-ಕೆರೆಗಳ ನಡುವೆ ಇರುತ್ತದೆ. ಫೋನ್ ಸಿಗ್ನಲ್ ಸಿಗದೆ ಹೋಗಬಹುದು, ಹಿಂದಿನ ರಾತ್ರಿಯೇ ನಕ್ಷೆ ಇಳಿಸಿಕೊಳ್ಳಿ. ಬಟ್ಟೆ ಕಡು ಹಸಿರು, ಕಂದು, ಇಲ್ಲವೇ ಬೇಟೆಗಾರರ ಮರೆಮಾಚುವ ಬಟ್ಟೆ. ಬಿಳಿ ಟೀ ಶರ್ಟು, ಹೊಳೆಯುವ ಬಣ್ಣ ಮನೆಯಲ್ಲೇ ಇರಲಿ. ಮಡಚುವ ಕುರ್ಚಿ, ನೆರಳಿಗೆ ಕೊಡೆ, ಜಾಸ್ತಿ ನೀರು, ಹಳೇ ಟವೆಲ್‌ಗಳು, ರಬ್ಬರ್ ಬೂಟು, ಸೊಳ್ಳೆ-ಉಣ್ಣಿಗೆ ಸ್ಪ್ರೇ, ನಾಯಿಗೆ ಕ್ರೇಟ್ (ಒಯ್ಯಬಹುದಾದ ಗೂಡು), ಸಾದಾ ಚಪ್ಪಟೆ ಕಾಲರ್, ಹಗ್ಗ, ಸೀಟಿ. ಎಲೆಕ್ಟ್ರಿಕ್ ಕಾಲರ್, ಮುಳ್ಳಿನ ಕಾಲರ್ ಮೈದಾನದಲ್ಲಿ ನಿಷಿದ್ಧ. ಊರಿಂದ ಬಂದ ಅಜ್ಜ-ಅಜ್ಜಿ ಜೊತೆಗಿದ್ದರೆ ಶೌಚಾಲಯ ಎಲ್ಲಿದೆ ಅಂತ ಹೋದ ಕೂಡಲೇ ನೋಡಿಡಿ. ಅಲ್ಲಿರುವುದು ಸಾಮಾನ್ಯವಾಗಿ ತಾತ್ಕಾಲಿಕ ಪ್ಲಾಸ್ಟಿಕ್ ಡಬ್ಬಿ, ಅದೂ ದೂರದಲ್ಲಿ.

ಚಿತ್ರಾನ್ನ, ಮೊಸರನ್ನ, ಚಪಾತಿ-ಪಲ್ಯ ಚೆನ್ನಾಗಿ ಸಾಗುತ್ತದೆ. ನಾಯಿಗಳಿಗೆ ಕೊಡುವುದು ಮಾತ್ರ ಬೇಡ, ನಿಮ್ಮದಕ್ಕೂ, ಬೇರೆಯವರದಕ್ಕೂ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪೊಂಗಲ್ಲಿನ ಒಂದು ಒಣದ್ರಾಕ್ಷಿ ಬಿತ್ತು ಅಂತ ಸುಮ್ಮನಾಗಬೇಡಿ, ಎತ್ತಿಬಿಡಿ.

ಹೆಚ್ಚು ಹೊತ್ತು ಕಾಯುವುದೇ ಕೆಲಸ. ನಾಯಿ ಮೈದಾನದಲ್ಲಿ ಇರುವುದು ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಕ್ರೇಟ್‌ನಲ್ಲಿ. ಸುತ್ತ ಗುಂಡು, ಬೊಗಳಾಟ, ಹಕ್ಕಿಯ ವಾಸನೆ. ಅಲ್ಲಿ ಕಿರುಚಾಡಿ ಸುಸ್ತಾದ ನಾಯಿ ಲೈನ್‌ಗೆ ಬರುವಷ್ಟರಲ್ಲಿ ಅರ್ಧ ಖಾಲಿ. ಕ್ರೇಟ್‌ನಲ್ಲಿ ಸುಮ್ಮನೆ ಮಲಗುವುದನ್ನು ತರಬೇತಿಯ ದಿನಗಳಲ್ಲೇ ಕಲಿಸಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಇದು ಮಾರ್ಕ್‌ನಷ್ಟೇ ಮುಖ್ಯ. ಕಾರಿನೊಳಗೆ ಬಿಡುವುದಾದರೆ ನೆರಳು, ಗಾಳಿ ಇರಲೇಬೇಕು. ಬಿಸಿಲಲ್ಲಿ ನಿಂತ ಕಾರು ನಿಮಿಷಗಳಲ್ಲಿ ಒಲೆಯಾಗುತ್ತದೆ.

ಮಕ್ಕಳಿಗೆ ನಿಯಮ ಮೂರೇ. ಬೇರೆಯವರ ನಾಯಿಯನ್ನು ಕೇಳದೆ ಮುಟ್ಟಬಾರದು. ಒಂದು ನಾಯಿ ಕೆಲಸದಲ್ಲಿದ್ದಾಗ ಓಡಬಾರದು, ಕೂಗಬಾರದು. ಚೆಂಡು ತರಲೇಬಾರದು.

ಮೊದಲು ತೀರ್ಪುಗಾರರು ಹ್ಯಾಂಡ್ಲರ್‌ಗಳನ್ನೆಲ್ಲ ಕರೆದು ವಿವರಿಸುತ್ತಾರೆ: ಎಲ್ಲಿ ನಿಲ್ಲಬೇಕು, ಹಕ್ಕಿ ಎಲ್ಲಿಂದ ಬರುತ್ತದೆ. ಆಮೇಲೆ ಪರೀಕ್ಷೆಯಲ್ಲಿ ಇಲ್ಲದ ಒಂದು ನಾಯಿಯನ್ನು ಓಡಿಸಿ ತೋರಿಸುತ್ತಾರೆ. ಅದನ್ನು ಕಣ್ಣು ಬಿಟ್ಟು ನೋಡಿ. ಗಾಳಿ ಯಾವ ಕಡೆಯಿಂದ, ಹಕ್ಕಿ ಬಿದ್ದ ಜಾಗದ ಹಿಂದೆ ಯಾವ ಮರ ಇದೆ, ಗುರುತು ಇಟ್ಟುಕೊಳ್ಳಿ. ನಿಮ್ಮ ಸರದಿ ಹತ್ತಿರ ಬಂದಾಗ ಮಾರ್ಷಲ್ ನಿಮ್ಮನ್ನು ‘ಹೋಲ್ಡಿಂಗ್ ಬ್ಲೈಂಡ್’ ಅನ್ನುವ ಬಟ್ಟೆಯ ಮರೆಯ ಹಿಂದೆ ನಿಲ್ಲಿಸುತ್ತಾರೆ. ಅಲ್ಲಿ ನಾಯಿಯ ಜೊತೆ ಜಾಸ್ತಿ ಮಾತಾಡಬೇಡಿ. ನಿಮ್ಮ ಎದೆಬಡಿತ ಅದಕ್ಕೆ ಗೊತ್ತಾಗುತ್ತದೆ.

ಲೈನ್‌ನಲ್ಲಿ ನಾಯಿಯನ್ನು ಹಕ್ಕಿ ಬರುವ ದಿಕ್ಕಿಗೆ ಮುಖ ಮಾಡಿ ಕೂರಿಸಿ. ಕಾಲರ್ ಮೆಲ್ಲಗೆ ಹಿಡಿದಿರಿ. ಸಿದ್ಧ ಅಂತ ತೀರ್ಪುಗಾರರಿಗೆ ಸನ್ನೆ ಮಾಡಿ. ಕೂಗು, ಗುಂಡು, ಹಕ್ಕಿ ಬಿತ್ತು. ಈಗ ಬಿಡಬೇಡಿ! ತೀರ್ಪುಗಾರರು ನಿಮ್ಮ ನಾಯಿಯ ಸಂಖ್ಯೆ ಹೇಳಿದ ಮೇಲೆಯೇ ಹೆಸರು ಕೂಗಿ ಕಳಿಸಿ. ಹೊಸಬರು ಗಾಬರಿಯಲ್ಲಿ ಮೊದಲೇ ಕೈ ಬಿಡುತ್ತಾರೆ. ನಾಯಿ ಹುಡುಕುತ್ತಿರುವಾಗ ಬಾಯಿ ಮುಚ್ಚಿ ನಿಲ್ಲಿ. ಅದು ಮೂಗು ಕೆಳಗೆ ಹಾಕಿ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ನೀವು ಕೂಗಿದರೆ ತಲೆ ಎತ್ತಿ ನಿಮ್ಮನ್ನು ನೋಡುತ್ತದೆ, ಹಕ್ಕಿ ಮರೆತುಹೋಗುತ್ತದೆ. ಹಕ್ಕಿ ಬಾಯಿಗೆ ಬಂದ ಮೇಲೆ ಖುಷಿಯಿಂದ ಕರೆಯಿರಿ.

ಎಸೆತ ಸರಿಯಾಗಿ ಬೀಳದಿದ್ದರೆ ತೀರ್ಪುಗಾರರು ‘ನೋ ಬರ್ಡ್’ ಅನ್ನುತ್ತಾರೆ. ನಿಮ್ಮ ತಪ್ಪಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವಕಾಶ ಸಿಗುತ್ತದೆ.

ಅಂಕ ಹೇಗೆ

ಇಬ್ಬರು ತೀರ್ಪುಗಾರರು ಬೇರೆ ಬೇರೆಯಾಗಿ 0ರಿಂದ 10ರವರೆಗೆ ಅಂಕ ಹಾಕುತ್ತಾರೆ. ನೋಡುವುದು ನಾಲ್ಕು: ಹಕ್ಕಿ ಬಿದ್ದ ಜಾಗದ ನೆನಪು, ಹುರುಪು, ಛಲ, ಕಲಿಕೆ. ಒಟ್ಟು ಸರಾಸರಿ 7 ಬರಬೇಕು, ಯಾವ ಒಂದು ವಿಭಾಗದಲ್ಲೂ ಸರಾಸರಿ 5ಕ್ಕಿಂತ ಇಳಿಯಬಾರದು. ಹಕ್ಕಿ ಹುಡುಕಿ ಸಿಕ್ಕ ಮೇಲೂ ಬಿಟ್ಟು ಬರುವುದು, ಕಚ್ಚಿ ಹಾಳು ಮಾಡುವುದು, ಹೋಗಲು ಒಪ್ಪದಿರುವುದು: ಇಲ್ಲಿ ಅಂಕದ ಮಾತೇ ಬರುವುದಿಲ್ಲ, ಹೊರಗೆ.

ಸಾಮಾನ್ಯವಾಗಿ ಒಂದು ಸುತ್ತು ಮುಗಿದ ಮೇಲೆ ಮುಂದಿನ ಸುತ್ತಿಗೆ ಉಳಿದ ನಾಯಿಗಳ ಸಂಖ್ಯೆ ಓದುತ್ತಾರೆ. ನಿಮ್ಮ ಸಂಖ್ಯೆ ಬರದಿದ್ದರೆ ತೀರ್ಪುಗಾರರಿಗೆ ಬಿಡುವಾದಾಗ ಹೋಗಿ ‘ಏನು ಕಂಡಿರಿ’ ಅಂತ ಕೇಳಿ. ವಾದ ಬೇಡ. ಬಹುತೇಕರು ಮನಸ್ಸಿಟ್ಟು ಹೇಳುತ್ತಾರೆ, ಬರೆದುಕೊಳ್ಳಿ. ನಾಯಿಯನ್ನು ಬೈಯುವುದು, ಎಳೆದಾಡುವುದು ಅಲ್ಲಿ ಅಪರಾಧ, ಮನೆಗೆ ಬಂದ ಮೇಲೂ ಅರ್ಥವಿಲ್ಲದ್ದು. ಪಾಸಾದರೆ ಕಿತ್ತಳೆ ಬಣ್ಣದ ರಿಬ್ಬನ್ ಕೊಡುತ್ತಾರೆ. ಅದನ್ನು ಹಿಡಿದು ಫೋಟೊ ತೆಗೆಯುವಾಗ ಹಕ್ಕಿ ಎಸೆದವರನ್ನೂ ಕರೆಯಿರಿ.

ಮನೆಗೆ ಹೊರಡುವ ಮೊದಲು ನಾಯಿಯ ಕಿವಿ ಒರೆಸಿ ಒಣಗಿಸಿ. ಲ್ಯಾಬ್‌ಗಳ ಜೋಲು ಕಿವಿಯಲ್ಲಿ ನೀರು ನಿಂತರೆ ಸೋಂಕು ಬರುತ್ತದೆ. ಕಾಲ್ಬೆರಳ ಸಂದು, ಕಂಕುಳು, ಕಿವಿಯ ಹಿಂದೆ ಉಣ್ಣಿ ಹುಡುಕಿ. ಮಕ್ಕಳ ಕಾಲುಚೀಲದ ಅಂಚನ್ನೂ ನೋಡಿ.

ಜೂನಿಯರ್ ಹಂಟರ್ ಪದವಿಗೆ ಇಂಥ ನಾಲ್ಕು ಪಾಸು ಬೇಕು. ಇಷ್ಟೇ ದಿನದೊಳಗೆ ಅಂತ ಗಡುವಿಲ್ಲ. ಈ ವರ್ಷ ಎರಡು, ಮುಂದಿನ ವರ್ಷ ಎರಡು ಅಂದರೂ ಆಗುತ್ತದೆ. ನಾಲ್ಕನೆಯದಾದ ಮೇಲೆ ನಾಯಿಯ ಹೆಸರಿನ ಕೊನೆಗೆ ‘ಜೆಎಚ್’ ಸೇರುತ್ತದೆ. ಸೀನಿಯರ್‌ನಲ್ಲಿ ಒಟ್ಟಿಗೆ ಎರಡು ಹಕ್ಕಿ ಬೀಳುತ್ತವೆ, ನೋಡದೆ ಇರುವ ಹಕ್ಕಿಗೆ ಸೀಟಿ ಮತ್ತು ಕೈಸನ್ನೆಯಲ್ಲಿ ದಾರಿ ತೋರಿಸಬೇಕು, ಕಾಲರ್ ಹಿಡಿಯುವಂತಿಲ್ಲ. ಅದಕ್ಕೆ ಬೇರೆಯೇ ತಯಾರಿ ಬೇಕು, ಸಾಮಾನ್ಯವಾಗಿ ವರ್ಷಗಟ್ಟಲೆ.